‘ಒಳಗೆ ಯಾರೂ ಇಲ್ಲ’ ಎಂದಿದ್ದಕ್ಕೆ ಸಂದ ಗೌರವದ ಬಗ್ಗೆ ಒಂದು ಬಿನ್ನಹ

ಮಾನ್ಯ ಸಿಬ್ಬಂದಿ ಯೋಗಕ್ಷೇಮಾಧಿಕಾರಿಗಳ ಸನ್ನಿಧಿಗೆ,

ತಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಹೆಂಗಸರ ವಾರ್ಡಿನ ಪಕ್ಕ ಬೆಡ್‌ಶೀಟು ಜೋಡಿಸಿಡುತ್ತಿದ್ದ ಕೋಣೆಯ ಬಾಗಿಲಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ, ವಾರ್ಡಿನವರೆಲ್ಲ ಬಾಗಿಲಜ್ಜಿ ಎಂದು ಕರೆಯುವ ನಿವೃತ್ತ ಅಟೆಂಡರ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದನ್ನು ಬರವಣಿಗೆಯ ಮಟ್ಟಿಗೆ ಮಾತ್ರ ಸ್ವೀಕರಿಸಬೇಕಾಗಿ ಕೋರುತ್ತೇನೆ. ನಾನು ನೆಲಕ್ಕೆ ಬಗ್ಗಿದರೆ ಮತ್ತೆ ಎಬ್ಬಿಸಲು ಇಬ್ಬರು ಸಿಸ್ಟರುಗಳು ಬೇಕು, ಆ ಇಬ್ಬರಿಗೂ ತಾವು ಏರ್ಪಡಿಸಿರುವ ನೆಮ್ಮದಿಯ ತರಬೇತಿಯಿಂದಾಗಿ ಈಗ ಬಿಡುವಿಲ್ಲ.

ಮಾನ್ಯರೇ, ದೂರು ಹೇಳುವ ಮುನ್ನ ಉಪಕಾರ ಸ್ಮರಿಸಬೇಕು ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಾಳೆ. ಕಳೆದ ತಿಂಗಳು ನಡೆದ ಸಿಬ್ಬಂದಿ ಯೋಗಕ್ಷೇಮ ದಿನಾಚರಣೆಯಲ್ಲಿ ತಾವು ನನ್ನನ್ನು ವೇದಿಕೆಗೆ ಕರೆಸಿ, ವೈದ್ಯರ ಮತ್ತು ದಾದಿಯರ ನೆಮ್ಮದಿಗಾಗಿ ಸಂಬಳವಿಲ್ಲದೆ ದುಡಿದವಳೆಂದು ಹೊಗಳಿ, ನಿಸ್ವಾರ್ಥ ಸೇವಾ ಗೌರವ ಎಂಬ ಬಿರುದನ್ನೂ, ಎರಡು ಅಂಗೈಗಳು ಒಂದು ಹೃದಯವನ್ನು ಹಿಡಿದುಕೊಂಡಿರುವ ಗಾಜಿನ ಸ್ಮರಣಿಕೆಯನ್ನೂ ದಯಪಾಲಿಸಿದಿರಿ. ಅದು ನಿಜಕ್ಕೂ ಚೆನ್ನಾಗಿದೆ, ಬಹಳ ಭಾರವಾಗಿಯೂ ಇದೆ. ಮಗಳು ಅದನ್ನು ಟಿವಿಯ ಪಕ್ಕದಲ್ಲಿಟ್ಟು ಬಂದವರಿಗೆಲ್ಲ ತೋರಿಸಿದಳು. ಕೆಲವು ದಿನ ಕಳೆದು ಅಡುಗೆಮನೆಯ ಬಾಗಿಲು ಗಾಳಿಗೆ ಪಟಾರನೆ ಬಡಿಯತೊಡಗಿದಾಗ ಅಳಿಯ ಅದನ್ನೆತ್ತಿ ಬಾಗಿಲಿಗೆ ಒರಗಿಸಿ, “ಬಾಗಿಲು ಕಾದಿದ್ದಕ್ಕೆ ತಾನೇ ಕೊಟ್ಟಿದ್ದು, ಅದೂ ಬಾಗಿಲೇ ಕಾಯ್ಲಿ ಬಿಡಿ ಅತ್ತೆ” ಎಂದ. ಅವನ ಮಾತಿನಲ್ಲಿ ಅಗೌರವವೇನೂ ಇರಲಿಲ್ಲ. ಈಗ ನಮ್ಮ ಮನೆಯಲ್ಲಿ ಬಾಗಿಲು ಕಾಯುವ ಕೆಲಸವನ್ನು ಸರಿಯಾಗಿ ಮಾಡುತ್ತಿರುವುದು ಆ ಸ್ಮರಣಿಕೆಯೊಂದೇ. ನನ್ನಿಂದ ಆಗುತ್ತಿಲ್ಲ, ಅದಕ್ಕೇ ಈ ಪತ್ರ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಗೌರವವನ್ನು ನಾಲ್ಕು ಜನರ ಮುಂದೆ ಕೊಟ್ಟವರಿಗೆ ದೂರನ್ನು ಗುಟ್ಟಾಗಿ ಕೊಡುವುದು ಸೌಜನ್ಯವಲ್ಲ ಎಂದುಕೊಂಡೆ.

ನನ್ನ ಪರಿಚಯ ತಮಗೆ ವೇದಿಕೆಯ ಮೇಲೆ ಆಗಿದೆ ಎಂದು ನಂಬಿದ್ದೆ, ಆದರೂ ಇನ್ನೊಮ್ಮೆ ಹೇಳಿಕೊಳ್ಳುತ್ತೇನೆ. ನಾನು ಒಂದು ದೊಡ್ಡ ಕಚೇರಿಯಲ್ಲಿ ದೊಡ್ಡ ಸಾಹೇಬರ ಬಾಗಿಲಲ್ಲಿ ಕೂತು ತಲೆ ನೆರೆಸಿಕೊಂಡವಳು. ಸಾಹೇಬರುಗಳು ಬದಲಾದರು, ಬಾಗಿಲು ಮತ್ತು ನಾನು ಬದಲಾಗಲಿಲ್ಲ. ಊಟವಾದ ಮೇಲೆ ಸಾಹೇಬರು ಒಳಗೆ ಮೇಜಿನ ಮೇಲೆ ಕಾಲು ನೀಡಿಕೊಂಡು ಗೊರಕೆ ಹೊಡೆಯುತ್ತಿದ್ದರೆ ನಾನು ಹೊರಗೆ “ಮೀಟಿಂಗಿಗೆ ಹೋಗಿದಾರೆ, ಒಳಗೆ ಯಾರೂ ಇಲ್ಲ” ಎಂದು ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕಿತ್ತು. ಗೊರಕೆ ಜೋರಾದ ದಿನ, ಒಳಗೆ ಫ್ಯಾನು ಕೆಟ್ಟಿದೆ ಎಂದೂ ಸೇರಿಸಬೇಕಿತ್ತು. ಈ ವಿದ್ಯೆ ಸುಲಭದ್ದೆಂದು ತಾವು ಭಾವಿಸಬಾರದು. ಸುಳ್ಳು ಹೇಳುವಾಗ ಬಾಗಿಲಿನ ಕಡೆ ನೋಡಬಾರದು, ಬಂದವರಿಗಿಂತ ನಮಗೇ ಹೆಚ್ಚು ಬೇಸರವಾದಂತೆ ಕಾಣಬೇಕು, ಅವರು ಹಿಂತಿರುಗಿ ಮೆಟ್ಟಿಲು ಇಳಿಯುವವರೆಗೂ ಮುಖವನ್ನು ಹಾಗೇ ಇಟ್ಟುಕೊಂಡಿರಬೇಕು. ಈ ಅರ್ಜಿಯ ಭಾಷೆ ನನಗೆ ಅಂಟಿದ್ದೂ ಅಲ್ಲಿಯೇ. ಆ ಬಾಗಿಲಲ್ಲಿ ವಾಪಸ್ಸಾದ ಅರ್ಜಿಗಳನ್ನೆಲ್ಲ ಹೊತ್ತು ತಿರುಗಿದವಳು ನಾನು, ಹೊತ್ತ ಮೇಲೆ ಓದದೆ ಇರುವುದು ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ.

ನಿವೃತ್ತಳಾದ ಮೇಲೆ ಈ ವಿದ್ಯೆ ತುಕ್ಕು ಹಿಡಿಯಬೇಕಿತ್ತು. ಆದರೆ ನನ್ನ ತಂಗಿ ತಮ್ಮ ಆಸ್ಪತ್ರೆ ಸೇರಿದಳು, ಸೇರಿದವಳು ಮನೆಗೆ ಬರಲಿಲ್ಲ. ಅವಳು ಮಲಗಿದ್ದಷ್ಟು ಕಾಲವೂ ಅವಳನ್ನು ನೋಡಿಕೊಂಡ ದಾದಿಯರಲ್ಲಿ ಎಲ್ಲರಿಗಿಂತ ಚಿಕ್ಕವಳು, ವಾರ್ಡಿನವರು ಪುಟ್ಟ ಸಿಸ್ಟರ್ ಎನ್ನುವ ಹುಡುಗಿ, ದಿನಾ ಬೆಳಿಗ್ಗೆ ಅವಳ ತಲೆ ಬಾಚುತ್ತಾ “ಇವತ್ತು ಯಾರು ನೋಡೋಕೆ ಬರ್ತಿದಾರೆ ಅಮ್ಮ, ಇಷ್ಟು ಅಲಂಕಾರ” ಎಂದು ರೇಗಿಸುತ್ತಿದ್ದಳು. ಕಡೆಯ ದಿನ ತಂಗಿಯ ಕಣ್ಣು ಮುಚ್ಚಿದವಳೂ ಅವಳೇ. ಮುಚ್ಚಿದ ಕೈಯನ್ನು ಇನ್ನೂ ತೆಗೆದಿರಲಿಲ್ಲ, ಅಷ್ಟರಲ್ಲಿ ಪಕ್ಕದ ಹಾಸಿಗೆಯಾಕೆ ನೀರು ಕೇಳಿದರು, ಪುಟ್ಟ ಸಿಸ್ಟರ್ ನಗುನಗುತ್ತಾ ಹೋಗಿ ನೀರು ಕೊಟ್ಟಳು. ಆ ನಗು ನೋಡಿ ನನಗೆ ಮೈಯೆಲ್ಲ ಉರಿದು ಹೋಯಿತು. ಆಮೇಲೆ ತಂಗಿಗೆ ಹೊದಿಸಲು ಒಂದು ಬಿಳಿ ಬಟ್ಟೆ ಕೇಳೋಣವೆಂದು ಬಟ್ಟೆಯ ಕೋಣೆಯ ಬಾಗಿಲು ತೆಗೆದರೆ, ಅವಳು ಮಡಿಸಿಟ್ಟ ಬೆಡ್‌ಶೀಟುಗಳ ರಾಶಿಯಲ್ಲಿ ಮುಖ ಹುದುಗಿಸಿ, ಸದ್ದು ಹೊರಗೆ ಹೋಗದಂತೆ ಬಟ್ಟೆ ಕಚ್ಚಿಕೊಂಡು ಅಳುತ್ತಿದ್ದಳು. ನಾನು ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಯಾರೋ ಬಂದು “ಸಿಸ್ಟರ್ ಇಲ್ಲಿದಾರಾ” ಎಂದು ಕೇಳಿದರು. ಒಡಹುಟ್ಟಿದವಳನ್ನು ಆಗಷ್ಟೇ ಕಳೆದುಕೊಂಡ ನನ್ನ ಬಾಯಿಂದ ಹಳೆಯ ಅಭ್ಯಾಸದಂತೆ “ಒಳಗೆ ಯಾರೂ ಇಲ್ಲ” ಎಂಬ ಮಾತು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಬಂತು. ಸಂಬಳವಿಲ್ಲದೆ ನಾನು ಹೇಳಿದ ಮೊದಲನೇ ಸುಳ್ಳು ಅದು. ಇಷ್ಟು ವರ್ಷ ಸುಖದ ನಿದ್ದೆಗಳನ್ನು ಕಾದದ್ದಾಯಿತು, ಇನ್ನು ಉಳಿದಷ್ಟು ದಿನ ಕಷ್ಟದ ಅಳುವನ್ನು ಕಾಯೋಣವೆಂದು, ತಂಗಿಯ ಕಾರ್ಯವೆಲ್ಲ ಮುಗಿಸಿ ಬಂದು ಅಲ್ಲಿ ಕುರ್ಚಿ ಹಾಕಿದೆ.

ನನ್ನ ಸೇವೆ ಇಷ್ಟೇ, ಮಾನ್ಯರೇ. ಇನ್ನು ತಾಳಲಾರೆ ಎನ್ನಿಸಿದವರು ಬಂದು ನನ್ನ ಹೆಗಲು ಮುಟ್ಟಿ ಒಳಗೆ ಹೋಗುತ್ತಾರೆ. ಅವರ ರೋಗಿಗಳನ್ನು ಜೊತೆಯವರು ನೋಡಿಕೊಳ್ಳುತ್ತಾರೆ. ನಾನು ಕಾಲು ಗಂಟೆ ಸುಳ್ಳು ಹೇಳುತ್ತೇನೆ. ಅವರು ಹೊರಗೆ ಬರುತ್ತಾರೆ. ಯಾರದಾದರೂ ಜೀವದ ಪ್ರಶ್ನೆಯಾದರೆ ಬಾಗಿಲು ತಟ್ಟುತ್ತೇನೆ, ತಟ್ಟಿದ ಕೈ ಕೆಳಗಿಳಿಯುವಷ್ಟರಲ್ಲಿ ಅವರು ಓಡಿರುತ್ತಾರೆ. ಒಳಗೆ ಏನು ಮಾಡುತ್ತಾರೆಂದು ನಾನು ಕೇಳುವುದಿಲ್ಲ, ಅವರೇ ಹೇಳಿದ್ದುಂಟು. ಒಬ್ಬಾಕೆ ಬೂಟು ಬಿಚ್ಚಿ ತನ್ನ ಪಾದಗಳನ್ನು ಸುಮ್ಮನೆ ನೋಡುತ್ತಾ ಕೂರುತ್ತಾಳಂತೆ. ಇನ್ನೊಬ್ಬ ಮನೆಗೆ ಫೋನ್ ಮಾಡಿ, ಏನೂ ಮಾತಾಡದೆ, ಮಗು ಮಾಡುವ ಗಲಾಟೆಯನ್ನು ಕೇಳಿಸಿಕೊಳ್ಳುತ್ತಾನಂತೆ. ಆಪರೇಷನ್ ಮಾಡುವ ಒಬ್ಬ ಎತ್ತರದ ಡಾಕ್ಟರು ಕಪಾಟಿಗೆ ಒರಗಿ ನಿಂತುಕೊಂಡೇ ನಿದ್ದೆ ಮಾಡುತ್ತಾರೆ. ಕೂತರೆ ಮತ್ತೆ ಏಳಲಾರೆನೆಂಬ ಭಯ ಅವರಿಗೆ. ಪುಟ್ಟ ಸಿಸ್ಟರ್ ಅಳುತ್ತಾಳೆ. ಅತ್ತು, ಮುಖ ಒರೆಸಿಕೊಂಡು ಬಂದು “ಅಜ್ಜಿ, ಮುಖ ಸರಿ ಇದೆಯಾ” ಎಂದು ಕೇಳುತ್ತಾಳೆ, ನಾನು “ರಾಣಿ ಥರ ಇದೀಯ, ಹೋಗು” ಎನ್ನುತ್ತೇನೆ. ಅದೂ ಸುಳ್ಳೇ.

ಈ ಏರ್ಪಾಟು ಯಾರ ಕಣ್ಣಿಗೂ ಬೀಳದ್ದರಿಂದಲೇ ನಡೆದುಕೊಂಡು ಹೋಗುತ್ತಿತ್ತು. ಆಗ ತಮ್ಮ ಸುತ್ತೋಲೆ ಬಂತು. ಪ್ರತಿಯೊಂದು ವಾರ್ಡೂ ಸಿಬ್ಬಂದಿಯ ಯೋಗಕ್ಷೇಮಕ್ಕಾಗಿ ಶ್ರಮಿಸಿದ ಒಬ್ಬರ ಹೆಸರನ್ನು ಕಡ್ಡಾಯವಾಗಿ ಕಳಿಸತಕ್ಕದ್ದು, ಕಳಿಸದಿದ್ದಲ್ಲಿ ತಮ್ಮ ವಾರ್ಡಿನಲ್ಲಿ ಯೋಗಕ್ಷೇಮ ಏಕಿಲ್ಲ ಎಂಬುದಕ್ಕೆ ವಾರ್ಡಿನ ಮುಖ್ಯಸ್ಥರು ಸಮಜಾಯಿಷಿ ಕೊಡತಕ್ಕದ್ದು ಎಂದು ಅದರಲ್ಲಿತ್ತು. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾನು ಕಂಡಿದ್ದೆ. ಎತ್ತು ಇನ್ನೂ ಏಕೆ ಈದಿಲ್ಲ ಎಂದು ನೋಟಿಸು ಕಳಿಸುವವರನ್ನು ಕಂಡದ್ದು ಇದೇ ಮೊದಲು, ತಮ್ಮ ದಕ್ಷತೆಗೆ ತಲೆದೂಗಿದೆ. ನಮ್ಮ ವಾರ್ಡಿನ ಮುಖ್ಯಸ್ಥೆ, ಎಲ್ಲರೂ ದೊಡ್ಡ ಸಿಸ್ಟರ್ ಎನ್ನುವಾಕೆ, ಸಮಜಾಯಿಷಿ ಬರೆಯಲು ಪುರುಸೊತ್ತಿಲ್ಲದೆ ನನ್ನ ಹೆಸರು ಬರೆದು ಕೈತೊಳೆದುಕೊಂಡರು. ‘ಸಿಬ್ಬಂದಿಗೆ ನೆರವಾಗುತ್ತಾರೆ’ ಎಂದಷ್ಟೇ ಬರೆದದ್ದನ್ನು ತಮ್ಮ ಕಚೇರಿ ಇಷ್ಟು ಸಾಲದು, ವಿವರ ಬೇಕು ಎಂದು ಹಿಂದಿರುಗಿಸಿತು. ಆಕೆ ಎರಡನೇ ಸಲ ನಡೆಯುವುದನ್ನು ನಡೆಯುವ ಹಾಗೆಯೇ ಬರೆದು ಕಳಿಸಿದರು. ಆಕೆಗೆ ಸುಳ್ಳು ಹೇಳಲು ಬರುವುದಿಲ್ಲ. ಬರುತ್ತಿದ್ದರೆ ನಾನೇಕೆ ಬೇಕಿತ್ತು.

ಸಮಾರಂಭದ ವೈಭವವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಪಾಳಿ ಮುಗಿಸಿದವರು ಮನೆಗೆ ಹೋಗಬಾರದೆಂದೂ, ರಜೆಯಲ್ಲಿದ್ದವರು ಬರಲೇಬೇಕೆಂದೂ ತಾವು ಆದೇಶ ಹೊರಡಿಸಿದ್ದರಿಂದ ಸಭಾಂಗಣ ತುಂಬಿ ತುಳುಕುತ್ತಿತ್ತು. ಕುರ್ಚಿಗಳೆಲ್ಲ ಅತಿಥಿಗಳಿಗೆಂದು ಮೀಸಲಾಗಿದ್ದರಿಂದ ದಾದಿಯರೆಲ್ಲ ಗೋಡೆಯ ಉದ್ದಕ್ಕೂ ನಿಂತಿದ್ದರು, ಅವರೆದುರು ತಾವು ಬಹಳ ಹೊತ್ತು ನಿಂತು ಕೆಲಸ ಮಾಡುವುದರಿಂದ ಬೆನ್ನಿಗಾಗುವ ಹಾನಿಯ ಬಗ್ಗೆ ಬಹಳ ಹೊತ್ತು ಮಾತನಾಡಿದಿರಿ. ನಿದ್ದೆಯ ಮಹತ್ವವನ್ನು ವಿವರಿಸಲು ಪರದೆಯ ಮೇಲೆ ಚಿತ್ರಗಳನ್ನೂ ತೋರಿಸಿದಿರಿ. ದೀಪ ಆರಿಸಿದ ಕೂಡಲೇ ನಮ್ಮ ಎತ್ತರದ ಡಾಕ್ಟರು ಕಂಬಕ್ಕೆ ಒರಗಿದವರು, ದೀಪ ಹತ್ತಿದ ಮೇಲೂ ಹಾಗೇ ಇದ್ದರು. ಇಡೀ ಕಾರ್ಯಕ್ರಮದಲ್ಲಿ ತಮ್ಮ ಮಾತನ್ನು ಆಚರಣೆಗೆ ತಂದ ಪುಣ್ಯಾತ್ಮರು ಅವರೊಬ್ಬರೇ. ಆಮೇಲೆ ನನ್ನನ್ನು ಕರೆದಿರಿ. ಸ್ಮರಣಿಕೆ ಕೊಡುವಾಗ ತಾವು ಒಮ್ಮೆಯೂ ನನ್ನತ್ತ ನೋಡದೆ ಕ್ಯಾಮೆರಾದತ್ತಲೇ ನೋಡುತ್ತಿದ್ದಿರಿ, ಸೇವೆಯ ಮುಂದೆ ವ್ಯಕ್ತಿ ಮುಖ್ಯವಲ್ಲ ಎಂಬ ದೊಡ್ಡ ಮಾತನ್ನು ಅದರಿಂದ ಕಲಿತೆ. ನನಗೆ ಮಾತನಾಡಲು ಅವಕಾಶವಿರಲಿಲ್ಲ. ಇದ್ದಿದ್ದರೆ, ಅವರಿಗೆಲ್ಲ ಕುರ್ಚಿ ಕೊಡಿ ಎಂದಷ್ಟೇ ಹೇಳುತ್ತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಮನೆಗೆ ಹೋಗಿ ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗಿ ಎಲ್ಲವನ್ನೂ ಮರೆಯುತ್ತಿದ್ದೆ. ಆದರೆ ಮಾರನೆಯ ದಿನ ಆಸ್ಪತ್ರೆಯ ಮುಖ್ಯದ್ವಾರದಲ್ಲಿ, ಔಷಧಿ ಅಂಗಡಿಯ ಬೋರ್ಡಿಗಿಂತ ದೊಡ್ಡದಾದ ಒಂದು ಬ್ಯಾನರು ತೂಗಾಡುತ್ತಿತ್ತು. ಅದರಲ್ಲಿ ನಾನಿದ್ದೆ, ನನ್ನ ಪ್ಲಾಸ್ಟಿಕ್ ಕುರ್ಚಿಯಿತ್ತು, ಹಿಂದೆ ಬಾಗಿಲಿತ್ತು, ಬಾಗಿಲಿನ ಮೇಲಿನ ಕೋಣೆಯ ಸಂಖ್ಯೆ ಸ್ಪಷ್ಟವಾಗಿ ಕಾಣುತ್ತಿತ್ತು. ಕೆಳಗೆ, ‘ಒಳಗೆ ನಮ್ಮ ದಾದಿಯರು ವಿಶ್ರಾಂತಿ ಪಡೆಯುತ್ತಿರುವಾಗ, ಒಳಗೆ ಯಾರೂ ಇಲ್ಲ ಎಂದು ಹೇಳಿ ಕಾಯುವ ಮಹಾತಾಯಿ’ ಎಂದು ಕಣ್ಣಿಲ್ಲದವರಿಗೂ ಕಾಣುವಂಥ ಅಕ್ಷರಗಳಲ್ಲಿ ಬರೆಸಿದ್ದಿರಿ. ಮಾನ್ಯರೇ, ಗುಟ್ಟನ್ನು ರಟ್ಟು ಮಾಡುವವರು ಲೋಕದಲ್ಲಿ ಬಹಳ ಜನರಿದ್ದಾರೆ. ಗುಟ್ಟಿಗೆ ಬಿರುದು ಕೊಟ್ಟು, ಫೋಟೋ ಹಾಕಿಸಿ, ವಿಳಾಸ ಸಮೇತ ಡಂಗುರ ಹೊಡೆಸಿದವರು ತಾವೊಬ್ಬರೇ. ಇದನ್ನು ತಾವು ಕೆಟ್ಟ ಮನಸ್ಸಿನಿಂದ ಮಾಡಿದಿರಿ ಎಂದು ನಾನು ಹೇಳಲಾರೆ, ಹೇಳುವಂತಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂದಿನಿಂದ ನನ್ನ ವಿದ್ಯೆಯನ್ನು ಮೂರು ಕಾಸಿಗೂ ಯಾರೂ ಕೇಳುತ್ತಿಲ್ಲ. ನಾನು “ಒಳಗೆ ಯಾರೂ ಇಲ್ಲ” ಎಂದರೆ ಜನ ಕಣ್ಣು ಮಿಟುಕಿಸುತ್ತಾರೆ. ಕೆಲವರು “ನೀವೇ ಅಲ್ವಾ ಬೋರ್ಡಲ್ಲಿರೋದು” ಎಂದು ನನ್ನ ಜೊತೆ ಫೋಟೋ ತೆಗೆಸಿಕೊಂಡು, ಆಮೇಲೆ ಬಾಗಿಲು ತಟ್ಟುತ್ತಾರೆ. ನಿಜವಾಗಿ ಯಾರೂ ಇಲ್ಲದಾಗಲೂ ನಂಬುವುದಿಲ್ಲ. ಹೆಂಡತಿಯನ್ನು ವಾರ್ಡಿಗೆ ಸೇರಿಸಿದ್ದ ಒಬ್ಬ ಹಿರಿಯರು, ಮುಚ್ಚಿದ ಬಾಗಿಲಿನ ಮುಂದೆ ಕೈಕಟ್ಟಿ ನಿಂತು, ಅವಳಿಗೆ ಊಟ ಸೇರುತ್ತಿಲ್ಲವೆಂದೂ, ರಾತ್ರಿಯೆಲ್ಲ ನರಳುತ್ತಾಳೆಂದೂ, ತಮಗೆ ಬೇರೆ ಯಾರೂ ಇಲ್ಲವೆಂದೂ ಮನಸ್ಸಿನ ಕಷ್ಟವನ್ನೆಲ್ಲ ಹೇಳಿಕೊಂಡರು. ಒಳಗೆ ಕೇಳಿಸಿಕೊಳ್ಳಲು ಇದ್ದದ್ದು ಬೆಡ್‌ಶೀಟುಗಳು ಮಾತ್ರ. ನಾನು “ಯಜಮಾನ್ರೇ, ದೇವರಾಣೆ, ಒಳಗೆ ಯಾರೂ ಇಲ್ಲ” ಎಂದರೆ ಅವರು “ನಿಮ್ಮ ಕೆಲಸ ನೀವು ಮಾಡಿ ತಾಯಿ, ನಾನೇನೂ ತಪ್ಪು ತಿಳ್ಕೊಳಲ್ಲ” ಎಂದರು. ಬದುಕಿಡೀ ಹೇಳಿದ ಸುಳ್ಳುಗಳನ್ನೆಲ್ಲ ನಂಬಿದ ಪ್ರಪಂಚ, ನಾನು ಒಂದೇ ಒಂದು ನಿಜ ಹೇಳಿದ ದಿನ ಹೀಗೆ ಕೈಕೊಟ್ಟಿತು. ಕೊನೆಗೆ ಅವರ ಕೈಹಿಡಿದು ಕರೆದುಕೊಂಡು ಹೋಗಿ ದೊಡ್ಡ ಸಿಸ್ಟರ್ ಹತ್ತಿರ ಬಿಟ್ಟುಬಂದೆ.

ಇದೆಲ್ಲ ನಗುವ ಮಾತಾಯಿತು. ನಗಲಾರದ್ದು ಇನ್ನೊಂದಿದೆ. ತಂಗಿ ಮಲಗಿದ್ದ ಅದೇ ಸಾಲಿನಲ್ಲಿ ಹೆರಿಗೆಯ ನಂತರ ತೊಂದರೆಯಾಗಿ ಬಂದಿದ್ದ ಒಬ್ಬ ಹುಡುಗಿ ಉಳಿಯಲಿಲ್ಲ. ಪುಟ್ಟ ಸಿಸ್ಟರಿನ ವಯಸ್ಸೇ ಅವಳಿಗೂ, ಇಬ್ಬರೂ ಒಂದೇ ಬಣ್ಣದ ಬಳೆ ಹಾಕಿಕೊಂಡು ಗೆಳತಿಯರಂತಾಗಿದ್ದರು. ಪುಟ್ಟ ಸಿಸ್ಟರ್ ನನ್ನ ಹೆಗಲು ಮುಟ್ಟಿ ಒಳಗೆ ಹೋದಳು, ನಾನು ಕುರ್ಚಿಯನ್ನು ಬಾಗಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತೆ. ಯಾರದೋ ಕಡೆಯ ಒಬ್ಬ ಮಹಾಶಯರು ಬಂದರು. ನಾನು ಹೇಳುವುದನ್ನು ಹೇಳಿದೆ, ಕೈ ಅಡ್ಡ ಹಿಡಿದೆ. ಅವರು ನಗುತ್ತಾ ನನ್ನ ತಲೆಯ ಮೇಲಿಂದ ಕೈಚಾಚಿ ಬಾಗಿಲು ನೂಕಿ, “ಸಿಸ್ಟರ್, ಇಲ್ಲೇ ಇರ್ತೀರಂತಲ್ಲ, ಹೊರಗೆ ಬೋರ್ಡ್ ಹಾಕಿದಾರೆ, ಒಂದು ದಿಂಬು ಬೇಕಿತ್ತು” ಎಂದರು. ಕೆಟ್ಟವರಲ್ಲ, ಅವರಿಗೆ ನಿಜವಾಗಿಯೂ ದಿಂಬು ಬೇಕಿತ್ತು. ಅವಳು ಬೆಡ್‌ಶೀಟಿನಿಂದ ಮುಖ ಎತ್ತಿದಳು. ಮೂಗು ಒರೆಸಿಕೊಂಡು, ಕಪಾಟಿನಿಂದ ದಿಂಬು ತೆಗೆದು ಕೊಟ್ಟಳು, ಕೊಡುವಾಗ ನಕ್ಕಳು. ಈ ಸಲ ಆ ನಗು ನೋಡಿ ನನಗೆ ಅಳು ಬಂತು. ಹೊರಗೆ ಬಂದವಳು ಮುಖ ಸರಿ ಇದೆಯಾ ಎಂದು ಕೇಳಲಿಲ್ಲ. “ಅಜ್ಜಿ, ನಾನು ಬಿಟ್ಬಿಡ್ತೀನಿ. ಈ ತಿಂಗಳು ಮುಗಿಲಿ, ಊರಲ್ಲಿ ಯಾವುದಾದ್ರೂ ಅಂಗಡೀಲಿ ಬಿಲ್ ಬರ್ಕೊಂಡು ಇರ್ತೀನಿ” ಎಂದಳು. ನನ್ನ ತಂಗಿಯ ತಲೆ ಬಾಚಿದ ಕೈ ಅಂಗಡಿಯ ಬಿಲ್ಲು ಬರೆಯುವುದೆಂದರೆ ನನಗೆ ಸಹಿಸಲಾಗದು, ಮಾನ್ಯರೇ. ಮಿಕ್ಕದ್ದೆಲ್ಲ ವ್ಯಂಗ್ಯವಾಗಿ ಬರೆದಿದ್ದೇನೆ, ಇದೊಂದನ್ನು ನೇರವಾಗಿ ಬರೆಯುತ್ತಿದ್ದೇನೆ.

ವಿಷಯ ತಮ್ಮ ಕಿವಿಗೂ ಬಿದ್ದಿರಬೇಕು, ಏಕೆಂದರೆ ತಾವು ಕೂಡಲೇ ಪರಿಹಾರ ಕಳಿಸಿದಿರಿ. ಬೆಡ್‌ಶೀಟುಗಳನ್ನೆಲ್ಲ ನೆಲಮಾಳಿಗೆಗೆ ಸಾಗಿಸಿ, ಕೋಣೆಗೆ ತಿಳಿಹಸಿರು ಬಣ್ಣ ಬಳಿಸಿ, ನೆಮ್ಮದಿ ಕೇಂದ್ರ ಎಂದು ಹೆಸರಿಟ್ಟು, ರಿಬ್ಬನ್ ಕತ್ತರಿಸಿ ಉದ್ಘಾಟಿಸಿದಿರಿ. ಪಾರದರ್ಶಕತೆಗೆಂದು ಮರದ ಬಾಗಿಲು ಕಿತ್ತು ಗಾಜಿನ ಬಾಗಿಲು ಹಾಕಿಸಿದ್ದೀರಿ. ಈಗ ಒಳಗೆ ಅಳುವವರು ಲಿಫ್ಟಿಗೆ ಕಾಯುವವರಿಗೆಲ್ಲ ಚೆನ್ನಾಗಿ ಕಾಣುತ್ತಾರೆ. ಮೂಲೆಯಲ್ಲಿ ಕ್ಯಾಮೆರಾ ಇದೆ. ಬಾಗಿಲಲ್ಲಿ ಒಂದು ಯಂತ್ರವಿದೆ, ಅದರಲ್ಲಿ ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ ಎಂದು ಮೂರು ಗುಂಡಿಗಳಿವೆ. ಒಂದನ್ನು ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಅಳುವ ಮುಖವನ್ನು ಒತ್ತಿದವರ ಹೆಸರು ತಮ್ಮ ಕಚೇರಿಗೆ ಹೋಗಿ, ಅವರಿಗೆ ಆ ವಾರವೇ ಹೆಚ್ಚುವರಿ ತರಬೇತಿ ಏರ್ಪಾಟಾಗುವುದರಿಂದ ಈಚೆಗೆ ಎಲ್ಲರೂ ನಗುವ ಮುಖವನ್ನೇ ಒತ್ತುತ್ತಿದ್ದಾರೆ, ಆಸ್ಪತ್ರೆಯಲ್ಲಿ ನೆಮ್ಮದಿ ದಿನೇ ದಿನೇ ಏರುತ್ತಿದೆ ಎಂದು ತಮ್ಮ ವರದಿಯಲ್ಲಿ ಬಂದಿರಬಹುದು. ಎಲ್ಲಕ್ಕಿಂತ ಮಿಗಿಲಾದದ್ದು, ಕೇಂದ್ರವನ್ನು ಬಳಸಲು ಹಿಂದಿನ ದಿನವೇ ಸಮಯ ಕಾಯ್ದಿರಿಸಬೇಕು ಎಂಬ ನಿಯಮ. ನಾಳೆ ಯಾವ ಹಾಸಿಗೆಯವರು, ಯಾವ ಹೊತ್ತಿಗೆ ತೀರಿಕೊಳ್ಳಲಿದ್ದಾರೆ, ಅದಾದ ಎಷ್ಟು ಹೊತ್ತಿಗೆ ತನಗೆ ಅಳು ಬರಲಿದೆ ಎಂಬುದನ್ನು ಇವತ್ತೇ ತಿಳಿಸುವುದು ದಾದಿಯರಿಗೆ ಸ್ವಲ್ಪ ಕಷ್ಟವಾಗುತ್ತಿದೆ. ಅನುಭವವಾಗುತ್ತಾ ಹೋದಂತೆ ಸರಿಹೋಗಬಹುದು.

ಇದನ್ನೆಲ್ಲ ಮುಖತಃ ಅರಿಕೆ ಮಾಡಿಕೊಳ್ಳೋಣವೆಂದು ತಮ್ಮ ಕೋಣೆಗೆ ಹಲವು ಸಲ ಬಂದೆ. ಬಾಗಿಲಲ್ಲಿ ಕೂತಿದ್ದ ತಮ್ಮ ಅಟೆಂಡರ್ “ಸಾಹೇಬ್ರು ನೆಮ್ಮದಿ ಬಗ್ಗೆ ಭಾಷಣ ಮಾಡೋಕೆ ಬೇರೆ ಊರಿಗೆ ಹೋಗಿದಾರೆ, ಒಳಗೆ ಯಾರೂ ಇಲ್ಲ” ಎಂದ. ಕಸುಬಿನವಳ ಕಣ್ಣಿನಿಂದ ಅವನನ್ನು ಪರೀಕ್ಷಿಸಿದೆ. ಹಾಳಾದವನು ಬಾಗಿಲಿನ ಕಡೆ ನೋಡುತ್ತಾ ಹೇಳುತ್ತಿದ್ದಾನೆ, ಮುಖದಲ್ಲಿ ಬೇಸರವೇ ಇಲ್ಲ, ಇಷ್ಟು ಕಚ್ಚಾ ಸುಳ್ಳೇ ಎಂದು ಗದರಿದೆ. ಅವನಿಗೆ ಅವಮಾನವಾಗಿ ಬಾಗಿಲು ತೆಗೆದು ತೋರಿಸಿದ. ನಿಜಕ್ಕೂ ಯಾರೂ ಇರಲಿಲ್ಲ. ಉದ್ದನೆಯ ಸೋಫಾ ಇತ್ತು, ದಪ್ಪ ಪರದೆಗಳಿದ್ದವು, ಮೂಲೆಯಲ್ಲಿದ್ದ ಒಂದು ಗಿಡ ಬಾಡಬಾರದೆಂದು ಎಸಿ ಓಡುತ್ತಿತ್ತು. ಅಟೆಂಡರ್ ಒಬ್ಬ ಬಾಗಿಲಲ್ಲಿ ಕೂತು ನಿಜ ಹೇಳುವುದನ್ನು ನಾನು ನೋಡಿದ್ದು ಅದೇ ಮೊದಲು. ಎರಡನೇ ಸಲ, ಮೂರನೇ ಸಲ ಬಂದಾಗಲೂ ಅವನು ನಿಜವನ್ನೇ ಹೇಳುತ್ತಿದ್ದ, ಪಾಪ, ಅವನ ಕೈಯಲ್ಲಿ ಕಸುಬೇ ಹಾಳಾಗಿಹೋಗುತ್ತಿದೆ.

ಆದ್ದರಿಂದ ಈ ಕೆಳಕಂಡ ಕೋರಿಕೆಗಳನ್ನು ಬರಹದಲ್ಲೇ ಸಲ್ಲಿಸುತ್ತಿದ್ದೇನೆ, ತಾವು ದೊಡ್ಡ ಮನಸ್ಸು ಮಾಡಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಕಷ್ಟ ತಿರುಗುಮುರುಗು, ತಾವು ಕೊಟ್ಟ ಮಾನವನ್ನು ಆನೆ ಕೊಟ್ಟರೂ ಕಳೆದುಕೊಳ್ಳಲಾಗುತ್ತಿಲ್ಲ. ತಾವೇ ಅದನ್ನು ಹಿಂದಕ್ಕೆ ಪಡೆಯಬೇಕು. ಅದಕ್ಕೂ ಒಂದು ಸಮಾರಂಭವಾಗಲಿ, ದಾದಿಯರೆಲ್ಲ ಕೂರಲಿ, ಅತಿಥಿಗಳು ಗೋಡೆಯ ಉದ್ದಕ್ಕೂ ನಿಲ್ಲಲಿ, ತಾವು ನನ್ನ ಕೈಯಿಂದ ಸ್ಮರಣಿಕೆ ಕಿತ್ತುಕೊಳ್ಳುವ ಫೋಟೋವನ್ನು ಅದೇ ಬ್ಯಾನರಿನ ಜಾಗದಲ್ಲಿ ಅಷ್ಟೇ ದೊಡ್ಡದಾಗಿ ಹಾಕಿಸಬೇಕು. ಅಳಿಯ ಮಾತ್ರ ಬಾಗಿಲಿಗೆ ಬದಲಿ ಕಲ್ಲು ಕೊಟ್ಟರೆ ಒಳ್ಳೆಯದು ಎಂದಿದ್ದಾನೆ. ಅದರ ಬೆನ್ನಿಗೇ, ಈ ಮುದುಕಿ ಹುಟ್ಟಿದಾರಭ್ಯ ಒಂದೂ ಸುಳ್ಳು ಹೇಳಿದವಳಲ್ಲ ಎಂದು ಘೋಷಿಸುವ ಸತ್ಯಸಂಧತೆಯ ಪ್ರಶಸ್ತಿಯೊಂದನ್ನು ನನಗೆ ಕೊಡಬೇಕು, ನನ್ನ ಕಸುಬಿಗೆ ಅದಿಲ್ಲದೆ ಬಂಡವಾಳವಿಲ್ಲ. ಮರದ ಬಾಗಿಲನ್ನು ಮರಳಿ ಕೊಡಿಸಬೇಕು. ರೋಗಿಗಳು ಕಾಯ್ದಿರಿಸಿದ ವೇಳೆಯಲ್ಲಲ್ಲದೆ ಬೇರೆ ಹೊತ್ತಿನಲ್ಲಿ ಸಾಯಕೂಡದೆಂದು ಒಂದು ಸುತ್ತೋಲೆ ಹೊರಡಿಸಬೇಕು. ಇದ್ಯಾವುದೂ ಆಗದಿದ್ದಲ್ಲಿ, ಇನ್ನು ಮುಂದೆ ಭೂಮಿಯ ಮೇಲೆ ಎಲ್ಲಿಯಾದರೂ ಒಳ್ಳೆಯದೊಂದು ಸದ್ದಿಲ್ಲದೆ ನಡೆಯುತ್ತಿರುವುದು ಕಣ್ಣಿಗೆ ಬಿದ್ದರೆ, ತಾವು ದಯವಿಟ್ಟು ಬೇರೆ ಕಡೆ ನೋಡಬೇಕು. ಬೇರೆ ಕಡೆ ನೋಡುವುದರಲ್ಲಿ ತಮಗಿರುವ ಅಭ್ಯಾಸವನ್ನು ವೇದಿಕೆಯ ಮೇಲೆ ಕಂಡಿದ್ದೇನೆ.

ಋಣ ಮರೆಯಬಾರದಷ್ಟೆ, ತಮ್ಮ ಬ್ಯಾನರಿನಿಂದ ಒಂದು ಉಪಕಾರವೂ ಆಯಿತು. ಅದನ್ನು ನೋಡಿ ಮನೆಯಲ್ಲಿ ಹೊತ್ತು ಹೋಗದ ಐದು ಜನ ನನ್ನನ್ನು ಹುಡುಕಿಕೊಂಡು ಬಂದು, ನಮಗೂ ಒಂದು ಸೇವೆ ಹೇಳಿ ಎಂದರು. ಅವರಲ್ಲಿ ಒಬ್ಬರು ನಿವೃತ್ತ ಬಸ್ ಕಂಡಕ್ಟರ್, ಖಾಲಿ ಬಸ್ಸನ್ನು ತುಂಬಿದೆ ಎಂದು ಹೇಳಿ ಪಳಗಿದವರು. ಇನ್ನೊಬ್ಬಾಕೆ ಸಾಲಗಾರರು ಬಂದಾಗಲೆಲ್ಲ ಗಂಡ ಊರಲ್ಲಿಲ್ಲ ಎಂದು ಹೇಳುತ್ತಲೇ ಸಂಸಾರ ತೂಗಿಸಿದವರು. ಇಂಥ ಪ್ರತಿಭೆಗಳನ್ನೆಲ್ಲ ನಾನು ಬೀದಿಬೀದಿ ಸುತ್ತಿದರೂ ಕಲೆಹಾಕಲಾಗುತ್ತಿರಲಿಲ್ಲ. ಈಗ ತಮ್ಮ ಆಸ್ಪತ್ರೆಯಲ್ಲಿ ಆರು ಬಾಗಿಲುಗಳ ಮುಂದೆ ಆರು ಪ್ಲಾಸ್ಟಿಕ್ ಕುರ್ಚಿಗಳಿವೆ, ಆರು ಜನ ವಯಸ್ಸಾದವರು ಬಂದವರಿಗೆಲ್ಲ ಒಳಗೆ ಯಾರೂ ಇಲ್ಲ ಎಂದು ಬೇಸರದಿಂದ ಹೇಳುತ್ತಿದ್ದಾರೆ. ಅವರಲ್ಲಿ ಐದು ಜನ ಹೇಳುತ್ತಿರುವುದು ನಿಜ. ಸುಳ್ಳು ಹೇಳುತ್ತಿರುವವರು ಯಾರೆಂಬುದು ದಿನಾ ಬದಲಾಗುತ್ತದೆ, ಆ ದಿನ ಹೆಗಲು ಮುಟ್ಟಿಸಿಕೊಂಡವರಿಗಲ್ಲದೆ ಬೇರೆಯವರಿಗೆ ತಿಳಿಯುವುದಿಲ್ಲ. ಜನ ಒಂದೆರಡು ಖಾಲಿ ಕೋಣೆಗಳ ಬಾಗಿಲು ನೂಕಿ, ಹಳೆಯ ಬಕೆಟ್ಟುಗಳನ್ನು ನೋಡಿ, ಈಚೆಗೆ ನೂಕುವುದನ್ನು ಬಿಟ್ಟಿದ್ದಾರೆ.

ಇಷ್ಟು ಹೊತ್ತು ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಂಡದ್ದಕ್ಕೆ ಕ್ಷಮೆ ಕೋರಿ, ತಮ್ಮ ಪ್ರವಾಸಗಳೆಲ್ಲ ಸುಖಕರವಾಗಿರಲೆಂದೂ, ಆದಷ್ಟು ದೀರ್ಘವಾಗಿರಲೆಂದೂ ಹಾರೈಸುವ,

ತಾವು ಗೌರವಿಸಿದ್ದರಿಂದಾಗಿ ಯಾರ ವಿಶ್ವಾಸಕ್ಕೂ ಪಾತ್ರಳಲ್ಲದ, ಆದರೂ ಎಂದಿಗೂ
ತಮ್ಮ ವಿಶ್ವಾಸಿ,
ಬಾಗಿಲಜ್ಜಿ

ಮರೆತ ಮಾತು: ಕಳೆದ ಮಂಗಳವಾರದ ಸಂಗತಿಯೊಂದನ್ನು ಬರೆಯದಿದ್ದರೆ ಈ ಅರ್ಜಿ ಪೂರ್ತಿಯಾಗುವುದಿಲ್ಲ. ಅಂದು ಪುಟ್ಟ ಸಿಸ್ಟರಿಗೆ ಎರಡು ಪಾಳಿ ಒಟ್ಟಿಗೆ ಬಿದ್ದಿತ್ತು. ತಮ್ಮ ಅಟೆಂಡರ್ ರಜೆಯಲ್ಲಿದ್ದ, ಅವನ ಕುರ್ಚಿ ಖಾಲಿಯಿತ್ತು, ತಮ್ಮ ಕೋಣೆ ಎಂದಿನಂತೆ ಖಾಲಿಯಿತ್ತು. ಕೀಲಿ ಎಲ್ಲಿಂದ ಬಂತೆಂದು ಕೇಳಬೇಡಿ, ಕೇಳಿದರೆ ನಾನು ಏನು ಹೇಳುತ್ತೇನೆ ಎಂಬುದು ತಮಗೆ ಗೊತ್ತಿದೆ. ಅವಳನ್ನು ತಮ್ಮ ಸೋಫಾದ ಮೇಲೆ ಮಲಗಿಸಿ, ಎಸಿಯನ್ನು ಗಿಡಕ್ಕಿಂತ ಸ್ವಲ್ಪ ಅವಳ ಕಡೆ ತಿರುಗಿಸಿ, ನಾನು ಹೊರಗೆ ಕೂತೆ. ಅಷ್ಟರಲ್ಲಿ ಪ್ರವಾಸ ಬೇಗ ಮುಗಿದು ತಾವೇ ಬಂದುಬಿಟ್ಟಿರಿ. ಕಿವಿಯಲ್ಲಿ ಫೋನಿತ್ತು, ಮುಂದಿನ ವರ್ಷದ ಗೌರವಕ್ಕೆ ಸ್ಮರಣಿಕೆ ಎಷ್ಟು ದೊಡ್ಡದಿರಬೇಕೆಂದು ಮಾತನಾಡುತ್ತಿದ್ದಿರಿ. ನನ್ನ ಕಸುಬು ಕೈಬಿಡಲಿಲ್ಲ. ಬಾಗಿಲಿನ ಕಡೆ ನೋಡದೆ, ತಮಗಿಂತ ನನಗೇ ಹೆಚ್ಚು ಬೇಸರವಾದವಳಂತೆ, “ಒಳಗೆ ಯಾರೂ ಇಲ್ಲ ಸಾರ್” ಎಂದೆ. ತಾವು ಬಾಗಿಲಿನ ಮೇಲಿದ್ದ ತಮ್ಮದೇ ಹೆಸರನ್ನೂ ನೋಡಲಿಲ್ಲ, ಬ್ಯಾನರಿನಲ್ಲಿ ಒಂದು ತಿಂಗಳಿಂದ ತೂಗಾಡುತ್ತಿರುವ ಈ ಮುಖವನ್ನೂ ನೋಡಲಿಲ್ಲ. “ಹೌದಾ, ಸರಿ ಅಮ್ಮ, ಆಮೇಲೆ ಬರ್ತೀನಿ” ಎಂದು ಮೆಟ್ಟಿಲಿಳಿದು ಹೋದಿರಿ. ಪುಟ್ಟ ಸಿಸ್ಟರ್ ಮತ್ತೆ ಸ್ವಲ್ಪ ಹೊತ್ತು ಮಲಗಿದ್ದು ಎದ್ದು ಬಂದು, ಎಷ್ಟೋ ದಿನಗಳ ಮೇಲೆ “ಅಜ್ಜಿ, ಮುಖ ಸರಿ ಇದೆಯಾ” ಎಂದು ಕೇಳಿದಳು. ಕೆಲಸ ಬಿಡುವ ಮಾತನ್ನು ಆಮೇಲೆ ಎತ್ತಿಲ್ಲ. ನಾವು ಆ ಕೋಣೆಯನ್ನು ಬಿಟ್ಟಾಗಿದೆ, ಹುಡುಕುವ ಶ್ರಮ ಬೇಡ; ಅಟೆಂಡರನದು ಏನೂ ತಪ್ಪಿಲ್ಲ, ಶಿಕ್ಷಿಸುವುದಿದ್ದರೆ ನನ್ನ ಗೌರವವನ್ನು ಹಿಂದಕ್ಕೆ ಪಡೆದು ನನ್ನನ್ನೇ ಶಿಕ್ಷಿಸಿ. ಬ್ಯಾನರು ಕಟ್ಟಿದ ದಿನದಿಂದ ಈ ಆಸ್ಪತ್ರೆಯಲ್ಲಿ ನನ್ನ ಸುಳ್ಳನ್ನು ಮನಸಾರೆ ನಂಬಿದವರು, ಅದನ್ನು ಕಟ್ಟಿಸಿದ ತಾವೊಬ್ಬರೇ. ನನಗೆ ಸಂದ ಗೌರವವೆಂದು ನಾನು ಎಣಿಸುವುದು ಅದನ್ನು ಮಾತ್ರ.